ಸುತ್ತೋಲೆಗಳು ತಾವಾಗಿಯೇ ಮೇಜಿಗೆ ಬರಲಿ: ಆರ್‌ಎಸ್‌ಎಸ್ ಬಳಕೆಯ ಮೊದಲ ಪಾಠ

ನಮ್ಮ ಕಚೇರಿಯ ಕಕ್ಷಿದಾರರಾದ ಸಣ್ಣ ಕೈಗಾರಿಕೋದ್ಯಮಿಯೊಬ್ಬರು 2025ರ ಡಿಸೆಂಬರ್ ಕೊನೆಯ ವಾರದಲ್ಲಿ ಯಂತ್ರ ಖರೀದಿಗಾಗಿ ವಾಣಿಜ್ಯ ಬ್ಯಾಂಕೊಂದರಿಂದ 40 ಲಕ್ಷ ರೂಪಾಯಿಗಳ ಸಾಲವನ್ನು ಬದಲಾಗುವ ಬಡ್ಡಿದರದಲ್ಲಿ ಮಂಜೂರು ಮಾಡಿಸಿಕೊಂಡರು. ಅವಧಿಗೆ ಮುನ್ನ ತೀರಿಸಿದಲ್ಲಿ ಬಾಕಿಯ ಮೇಲೆ ಶೇ. 2ರಷ್ಟು ಶುಲ್ಕವೆಂಬ ಷರತ್ತು ಕರಾರಿನಲ್ಲಿತ್ತು. ತರುವಾಯ ಹಣ ಒದಗಿ ಸಾಲ ತೀರಿಸಲು ಮುಂದಾದಾಗ ಅವರು ತೆರಬೇಕಾದ ಶುಲ್ಕ ಮುಕ್ಕಾಲು ಲಕ್ಷ ರೂಪಾಯಿಗಳನ್ನು ಮೀರಿತ್ತು.

2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣಗೊಳ್ಳುವ ಇಂತಹ ಸಾಲಗಳ ಮೇಲೆ ವಾಣಿಜ್ಯ ಬ್ಯಾಂಕುಗಳು ಅತಿಸಣ್ಣ ಹಾಗೂ ಸಣ್ಣ ಉದ್ಯಮಗಳಿಂದ ಅವಧಿಪೂರ್ವ ಪಾವತಿ ಶುಲ್ಕವನ್ನು ವಸೂಲು ಮಾಡಬಾರದೆಂದು ರಿಸರ್ವ್ ಬ್ಯಾಂಕು 2025ರ ಜುಲೈ 2ರಂದೇ ನಿರ್ದೇಶನ ಹೊರಡಿಸಿತ್ತು. ಒಂದು ವಾರ ಕಾದಿದ್ದರೆ ಸಾಕಿತ್ತು. ಆ ನಿರ್ದೇಶನ ಆರು ತಿಂಗಳು ಜಾಲತಾಣದಲ್ಲಿದ್ದರೂ ಅವರೂ ನೋಡಲಿಲ್ಲ, ಲೆಕ್ಕಪರಿಶೋಧಕನಾದ ನಾನೂ ನೋಡಲಿಲ್ಲ. ಈ ಲೇಖನಕ್ಕೆ ಆ ಲೋಪವೇ ಪ್ರೇರಣೆ.

ಏನಿದು ಆರ್‌ಎಸ್‌ಎಸ್?

ಹತ್ತಾರು ಜಾಲತಾಣಗಳನ್ನು ದಿನವೂ ತೆರೆದು ನೋಡುವುದು ವ್ಯಾಪಾರಸ್ಥರಿಗೆ ಅಸಾಧ್ಯ. ಜಾಲತಾಣವು ತನ್ನ ಹೊಸ ಪ್ರಕಟಣೆಗಳ ಶೀರ್ಷಿಕೆ, ದಿನಾಂಕ ಮತ್ತು ಕೊಂಡಿಗಳನ್ನು ಒಂದು ಪಟ್ಟಿಯಾಗಿ ಒದಗಿಸುವ ವ್ಯವಸ್ಥೆಯೇ ಆರ್‌ಎಸ್‌ಎಸ್. ಆ ಪಟ್ಟಿಗೆ ಫೀಡ್ ಎಂದು ಹೆಸರು. ಫೀಡ್ ರೀಡರ್ ಎಂಬ ತಂತ್ರಾಂಶವು ನಾವು ಆರಿಸಿದ ಫೀಡ್‌ಗಳನ್ನು ಆಗಾಗ್ಗೆ ಪರಿಶೀಲಿಸಿ, ಹೊಸತನ್ನು ಒಂದೆಡೆ ತಂದಿಡುತ್ತದೆ. 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಜನಿಸಿದ ಈ ತಂತ್ರಜ್ಞಾನದ 2.0 ಆವೃತ್ತಿಯು 2002ರಲ್ಲಿ ಹೊರಬಂದಿತು. ಇಂದಿನ ಪಾಡ್‌ಕಾಸ್ಟ್‌ಗಳ ವಿತರಣೆಗೂ ಇದೇ ಆಧಾರ.

ಆರಂಭಿಸುವ ಬಗೆ

ಮೊದಲನೆಯದಾಗಿ, ಒಂದು ರೀಡರ್ ಆರಿಸಿಕೊಳ್ಳಿರಿ. ಫೀಡ್ಲಿ ಮತ್ತು ಇನೊರೀಡರ್‌ಗಳನ್ನು ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಬಳಸಬಹುದು. ಮಿಂಚಂಚೆಗೆ ಥಂಡರ್‌ಬರ್ಡ್ ಬಳಸುವವರಿಗೆ ಈ ಸೌಲಭ್ಯ ಅದರಲ್ಲಿಯೇ ಉಂಟು.

ಎರಡನೆಯದಾಗಿ, ಜಾಲತಾಣದಲ್ಲಿ ಆರ್‌ಎಸ್‌ಎಸ್ ಎಂಬ ಕೊಂಡಿಯನ್ನು ಅಥವಾ ಅಲೆಗಳ ಚಿತ್ರವುಳ್ಳ ಕಿತ್ತಳೆ ಬಣ್ಣದ ಗುರುತನ್ನು ಹುಡುಕಿರಿ. ರಿಸರ್ವ್ ಬ್ಯಾಂಕು ಪತ್ರಿಕಾ ಪ್ರಕಟಣೆಗಳಿಗೂ ಅಧಿಸೂಚನೆಗಳಿಗೂ ಪ್ರತ್ಯೇಕ ಫೀಡ್‌ಗಳನ್ನು ಇರಿಸಿದೆ. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಾರ್ಯಾಲಯವೂ ಈ ಸೇವೆ ನೀಡುತ್ತದೆ.

ಮೂರನೆಯದಾಗಿ, ಫೀಡ್‌ನ ವಿಳಾಸವನ್ನು ನಕಲಿಸಿ ರೀಡರ್‌ನಲ್ಲಿ ಸೇರಿಸಿರಿ. ಬ್ಯಾಂಕು, ತೆರಿಗೆ, ಮಾರುಕಟ್ಟೆ ಎಂದು ವಿಂಗಡಿಸಿಟ್ಟರೆ ಅನುಕೂಲ. ಆರಂಭಕ್ಕೆ ಐದಾರು ಫೀಡ್‌ಗಳು ಸಾಕು. ಐವತ್ತು ಸೇರಿಸಿದರೆ ಓದದ ರಾಶಿಯೇ ಬೆಳೆದೀತು.

ಗಮನದಲ್ಲಿಡಬೇಕಾದ ಅಂಶಗಳು

ಫೀಡ್ ಸೇರಿಸಲು ಆ ಜಾಲತಾಣಕ್ಕೆ ನಮ್ಮ ಮಿಂಚಂಚೆ ವಿಳಾಸವನ್ನಾಗಲೀ ದೂರವಾಣಿ ಸಂಖ್ಯೆಯನ್ನಾಗಲೀ ಕೊಡಬೇಕಾಗಿಲ್ಲ. ಸುದ್ದಿ ಮೂಲದಿಂದಲೇ ಬರುತ್ತದೆ. ಜಿಎಸ್‌ಟಿ ಮಂಡಳಿಯು 2025ರ ಸೆಪ್ಟೆಂಬರ್ 3ರಂದು ಅಂಗೀಕರಿಸಿದ ದರ ಬದಲಾವಣೆಗಳು ಬಹುತೇಕ ಸರಕುಗಳಿಗೆ ಸೆಪ್ಟೆಂಬರ್ 22ರಿಂದಲೇ ಜಾರಿಗೆ ಬಂದವು. ಅಂತಹ ಅಲ್ಪಾವಧಿಯಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಬಂದ ದರಪಟ್ಟಿಯನ್ನು ನಂಬಿ ಬಿಲ್ಲು ಬರೆಯುವುದು ಅಪಾಯಕರ.

ಆದರೆ ಎಲ್ಲ ಜಾಲತಾಣಗಳಲ್ಲಿಯೂ ಫೀಡ್ ಇರುವುದಿಲ್ಲ. ಇದ್ದಲ್ಲಿಯೂ ಬಹುಪಾಲು ಶೀರ್ಷಿಕೆ ಮಾತ್ರ ಕಾಣುವುದರಿಂದ, ಮೂಲ ಪಠ್ಯವನ್ನು ಓದದೆ ನಿರ್ಧಾರ ಕೈಗೊಳ್ಳಬಾರದು. ರೀಡರ್‌ಗಳೂ ಶಾಶ್ವತವಲ್ಲ, ಬಹುಜನಪ್ರಿಯವಾಗಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಸ್ಥಗಿತಗೊಂಡಿತು. ಫೀಡ್‌ಗಳ ಪಟ್ಟಿಯನ್ನು ಒಪಿಎಂಎಲ್ ಕಡತವಾಗಿ ಉಳಿಸಿಟ್ಟುಕೊಂಡರೆ ಬೇರೊಂದು ರೀಡರ್‌ಗೆ ಸುಲಭವಾಗಿ ವರ್ಗಾಯಿಸಬಹುದು.

ಹಿಂದಿನ ವರ್ತಕರು ಅಂಗಡಿ ತೆರೆದೊಡನೆ ಕಿರ್ದಿ ಪುಸ್ತಕ ತೆರೆಯುತ್ತಿದ್ದರು. ಅದೇ ಶಿಸ್ತಿನಿಂದ ಬೆಳಿಗ್ಗೆ ಹತ್ತು ನಿಮಿಷ ರೀಡರ್ ತೆರೆದು, ತಮಗೆ ಸಂಬಂಧಿಸಿದ ಪ್ರಕಟಣೆ ಕಂಡಲ್ಲಿ ಅಂದೇ ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸಿರಿ. ಅವರೂ ಅದನ್ನು ನೋಡಿರದಿದ್ದರೆ ತಮ್ಮ ಪ್ರಶ್ನೆಯಿಂದ ಇಬ್ಬರಿಗೂ ಪ್ರಯೋಜನವಾದೀತು.