13 ರೂಪಾಯಿ ಬಾಕಿ, ಮತ್ತು ನಮ್ಮೂರ ಕಡೆಯ ಹೆಂಡದಂಗಡಿ

ಇವತ್ತು ಬ್ರಿಟಿಷರ ಕಾಲದ ಎರಡು ಕುಡಿಯೋ ಜಾಗಗಳ ಕಥೆ. ಒಂದು ಉಳಿದಿದೆ, ಇನ್ನೊಂದು ಉಳಿದಿಲ್ಲ. ಯಾಕೆ ಅನ್ನೋದೇ ಪ್ರಶ್ನೆ.

ಮೊದಲನೆಯದು ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿದೆ. ಈಗಿನ ಬೆಂಗಳೂರು ಕ್ಲಬ್ 1868ರಲ್ಲಿ ಶುರುವಾದದ್ದು ಬ್ರಿಟಿಷ್ ಅಧಿಕಾರಿಗಳ ಯುನೈಟೆಡ್ ಸರ್ವಿಸ್ ಕ್ಲಬ್ ಆಗಿ. 1896ರಲ್ಲಿ ಸೈನ್ಯದ ಕೆಲಸಕ್ಕೆ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಕೂಡ ಅಲ್ಲಿ ಸದಸ್ಯ. 1899ರ ಜೂನ್ 1ರ ಕ್ಲಬ್ ದಾಖಲೆಯಲ್ಲಿ, ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಅವರ ಹೆಸರಿದೆ. ಮೊತ್ತ 13 ರೂಪಾಯಿ. ನಾನು ಬಿಕಾಂ ಓದಿದವನು. ಲೆಕ್ಕದಲ್ಲಿ ಇದನ್ನ ನಷ್ಟದ ಖಾತೆಗೆ ಹಾಕಿ ಮುಗಿಸ್ತೀವಿ. ಅಲ್ಲಿ ಮಾತ್ರ ಆ ಪುಸ್ತಕವನ್ನ ಜೋಪಾನವಾಗಿ ಇಟ್ಟು ಬಂದವರಿಗೆ ತೋರಿಸ್ತಾರೆ. ಕಟ್ಟದ ಬಾಕಿಯೇ ಆಸ್ತಿ ಆಗಿಬಿಟ್ಟಿದೆ!

ಎರಡನೆಯದು ನಮ್ಮ ಕಡೆಯದು. ಇವತ್ತು ವಸಂತನರಸಾಪುರದ ಫ್ಯಾಕ್ಟರಿಗಳಿರೋ ಕೋರ ಹೋಬಳಿಯಲ್ಲಿ, ನಮ್ಮಜ್ಜಿ ಹೇಳೋ ಹಾಗೆ, ಈಚಲ ಮರಗಳ ಪಕ್ಕದಲ್ಲೇ ಒಂದು ಹೆಂಡದಂಗಡಿ ಇತ್ತಂತೆ. ಈಗ ಅಲ್ಲಿ ಒಂದು ಕಲ್ಲೂ ಇಲ್ಲ.

ಯಾಕೆ ಉಳೀಲಿಲ್ಲ? ಮೊದಲ ಕಾರಣ ಹೆಂಡದ ಗುಣ. ಸಂಜೆ ಮರಕ್ಕೆ ಗಡಿಗೆ ಕಟ್ಟಿ ಬೆಳಗ್ಗೆ ಇಳಿಸ್ತಾರೆ. ಇಳಿಸಿದಾಗ ಸಿಹಿ, ಕೆಲವೇ ಗಂಟೆಗಳಲ್ಲಿ ತಾನಾಗೇ ಹುಳಿಯಾಗುತ್ತೆ. ಕೂಡಿಡೋ ಮಾಲಲ್ಲ. ಹಾಗಾಗಿ ಅಂಗಡಿ ಮರದ ಹತ್ತಿರವೇ ಇರಬೇಕು. ಅದಕ್ಕೆ ಗೋದಾಮು ಬೇಡ, ಒಂದು ಚಪ್ಪರ ಸಾಕು. ಎರಡನೇ ಕಾರಣ ಹರಾಜು. ಮೈಸೂರು ಸರ್ಕಾರ ಹೆಂಡ ಮಾರೋ ಹಕ್ಕನ್ನ ಗುತ್ತಿಗೆಗೆ ಕೊಡ್ತಿತ್ತು. ಅವಧಿ ಮುಗಿದ ಮೇಲೆ ಅಂಗಡಿ ತನ್ನ ಕೈಲಿರುತ್ತೋ ಇಲ್ವೋ ಗೊತ್ತಿಲ್ಲದವನು ಕಲ್ಲುಗೋಡೆ ಯಾಕೆ ಕಟ್ಟಿಸ್ತಾನೆ ಹೇಳಿ?

ಆದ್ರೆ ಆ ಚಪ್ಪರ ಚಿಕ್ಕ ವಿಷಯ ಆಗಿರಲಿಲ್ಲ. ಅಬ್ಕಾರಿ ಅಂದ್ರೆ ಸರ್ಕಾರದ ದೊಡ್ಡ ಆದಾಯ. ಅದಕ್ಕೇ 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನೇ ಕಡಿದರು. ಮರಕ್ಕೆ ಬಿದ್ದ ಏಟು ಖಜಾನೆಗೂ ಬೀಳ್ತಿತ್ತು. ಕೊನೆಗೆ 2004ರಲ್ಲಿ ರಾಜ್ಯದ ಬಹುಭಾಗದಲ್ಲಿ ಸೇಂದಿ ನಿಂತಿತು, 2007ರ ಜುಲೈ 1ರಿಂದ ಸಾರಾಯಿ ಕೂಡ.

"ಆ ಹಾಳು ಅಂಗಡೀನ ಯಾಕಪ್ಪಾ ಕೆದಕ್ತೀಯ, ಹೋಗಿದ್ದೇ ಒಳ್ಳೇದಾಯ್ತು" ಅಂತಾರೆ ನಮ್ಮಜ್ಜಿ. ಅವರ ಮಾತಲ್ಲಿ ನ್ಯಾಯ ಇದೆ. ತಾತನ ಬಾಕಿ ತೀರಿಸೋಕೆ ಅಡವಿಟ್ಟ ಅಜ್ಜಿಯ ಓಲೆ ವಾಪಸ್ ಬರಲೇ ಇಲ್ಲ. ಚರ್ಚಿಲ್ ಕಟ್ಟದ ಬಾಕಿಗೆ ದಾಖಲೆ ಇದೆ, ಅಜ್ಜಿ ಕಟ್ಟಿದ ಬಾಕಿಗೆ ಒಂದು ಚೀಟಿಯೂ ಇಲ್ಲ.

ಸಂರಕ್ಷಣೆ ಅಂದ ತಕ್ಷಣ ನಾವು ಕಟ್ಟಡ ಹುಡುಕ್ತೀವಿ. 1958ರ ಕೇಂದ್ರ ಕಾಯ್ದೆ ಕೂಡ ಪ್ರಾಚೀನ ಸ್ಮಾರಕ ಅನ್ನಬೇಕಾದ್ರೆ ಕನಿಷ್ಠ 100 ವರ್ಷ ಉಳಿದ ರಚನೆ ಇರಬೇಕು ಅನ್ನುತ್ತೆ. ಚಪ್ಪರ ಆ ಲೆಕ್ಕಕ್ಕೆ ಎಲ್ಲಿ ಬರ್ಬೇಕು? ಇಂಥ ಜಾಗ ಉಳಿಯೋದು ಮಾತಲ್ಲಿ, ಹಳೇ ಕಾಗದದಲ್ಲಿ. ಮರ ಹತ್ತಿ ಹೆಂಡ ಇಳಿಸಿದವರು ಇನ್ನೂ ಕೆಲವರು ನಮ್ಮ ಮಧ್ಯೆ ಇದ್ದಾರೆ, ಆ ಮನೆಗಳಲ್ಲಿ ಕಷ್ಟಪಟ್ಟ ಹೆಂಗಸರೂ ಇದ್ದಾರೆ. ಇಬ್ಬರ ಮಾತನ್ನೂ ರೆಕಾರ್ಡ್ ಮಾಡಬೇಕು. ಹೊಗಳೋಕಲ್ಲ, ಲೆಕ್ಕ ಸರಿಯಾಗಿ ಬರೆದಿಡೋಕೆ.

ಅಜ್ಜಿಯ ಮಾತನ್ನ ಹೋದ ವಾರ ಫೋನಲ್ಲೇ ರೆಕಾರ್ಡ್ ಮಾಡ್ಕೊಂಡೆ. 40 ನಿಮಿಷ ಆಯ್ತು. ನಿಮ್ಮ ಮನೆಯಲ್ಲೂ ಹಿರಿಯರಿದ್ರೆ ಈ ಭಾನುವಾರ ಪಕ್ಕದಲ್ಲಿ ಕೂತು ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.