ಫ್ರಿಜ್ಜಿನಲ್ಲಿಟ್ಟ ಹುಳುಮರಿ ಬದುಕಿದೆಯಾ?

ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ
ಬದುಕಿರಬಲ್ಲ ಹುಳುಮರಿ ಗೊತ್ತಾ ನಿಮಗೆ?

ಅದೇ ಲಿವರ್ ಫ್ಲೂಕ್‌ನ ಮರಿ.
ಲಿವರ್ ಫ್ಲೂಕ್ ಅಂದ್ರೆ ಕುರಿ, ದನಗಳ ಪಿತ್ತಜನಕಾಂಗ ಕೊರೆಯೋ ಚಪ್ಪಟೆ ಹುಳು.
ಇದರ ಮರಿ ಬಸವನಹುಳುವಿನಿಂದ ಹೊರಬಂದು,
ನೀರಂಚಿನ ಹುಲ್ಲಿಗೆ ಅಂಟಿ,
ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತೆ.

ಪ್ರಯೋಗಾಲಯದಲ್ಲಿ ಇದನ್ನ ನೀರಲ್ಲೇ ಇಡ್ತಾರೆ,
ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಲ್ಲಿ.
ತಂಪಿದ್ರೆ, ಒಳಗಿನ ಶಕ್ತಿ ನಿಧಾನಕ್ಕೆ ಖರ್ಚಾಗುತ್ತೆ.
ಬಿಸಿಯಾದ್ರೆ ಬೇಗ ಮುಗಿಯುತ್ತೆ.
ಪೂರ್ತಿ ಒಣಗಿದ್ರೆ? ಸತ್ತೇಹೋಗುತ್ತೆ.

ಬಿತ್ತನೆ ರಾಗಿ ನೆನಪಿಸಿಕೊಳ್ಳಿ.
ಎಷ್ಟೇ ಜೋಪಾನ ಮಾಡಿದ್ರೂ
ಹಳೇ ಬೀಜ ಎಲ್ಲಾ ಮೊಳೆಯಲ್ಲ.
ಅದಕ್ಕೇ ಒಂದು ಹಿಡಿ ಒದ್ದೆ ಬಟ್ಟೇಲಿ ಕಟ್ಟಿ ನೋಡ್ತೀವಿ.
ಇಲ್ಲೂ ಹಾಗೇ.
ಪಿತ್ತರಸ ಸೇರಿಸಿ, ಕುರಿಯ ಮೈಶಾಖದಷ್ಟು ಬಿಸಿ ಕೊಟ್ಟು,
ಎಷ್ಟು ಮರಿ ಕವಚ ಬಿಟ್ಟು ಹೊರಬಂದವು ಅಂತ
ಸೂಕ್ಷ್ಮದರ್ಶಕದಲ್ಲಿ ಎಣಿಸ್ತಾರೆ.

ಯಾಕಿಷ್ಟು ಎಚ್ಚರ?
ಲಸಿಕೆ ಫಲಿಸುತ್ತಾ ಅಂತ ನೋಡೋಕೆ ಕುರಿಗಳಿಗೆ ಈ ಮರಿ ತಿನ್ನಿಸ್ತಾರೆ.
ಸತ್ತ ಮರಿ ತಿನ್ನಿಸಿದ್ರೆ,
ಲಸಿಕೆ ಹಾಕಿದ ಕುರಿಗೂ ರೋಗ ಬರಲ್ಲ,
ಹಾಕದ ಕುರಿಗೂ ಬರಲ್ಲ.
ಪ್ರಯೋಗ ಹಾಳು.
ಆ ಮೂಕಪ್ರಾಣಿಗಳು ಪಟ್ಟ ಪಾಡೂ ವ್ಯರ್ಥ.

ಎಷ್ಟು ದಿನ ಇಟ್ಟ ಮರಿಗಳೇ ಆಗಿರಲಿ,
ಕುರಿಗೆ ಕೊಡೋ ಮೊದಲು
ಎಣಿಸಲೇಬೇಕು.