ಮನೋರೋಗ ಶುಶ್ರೂಷೆ: ನರ್ಸಿಂಗ್ ಕಲಿತ ಮಕ್ಕಳಿಗೆ ಮುಂದಿನ ದಾರಿ

ಕಾಯಿಲೆ ಕೊಟ್ಟ ಅಲ್ಲಾಹನು ಅದಕ್ಕೆ ಮದ್ದನ್ನೂ ಇಟ್ಟಿದ್ದಾನೆ ಎಂದು ಜುಮಾದಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಮನಸ್ಸಿನ ಕಾಯಿಲೆಯ ಮಾತು ಬಂದರೆ ಮಾತ್ರ ಮೌನ. ನಮ್ಮ ಉಗರಗೋಳದಲ್ಲೂ ಹಾಗೆಯೇ. ನಿದ್ದೆಗೆಟ್ಟು ಒಬ್ಬನೇ ಮಾತಾಡುವ ಹುಡುಗನನ್ನು ಮೊದಲು ತಾಯಿತಕ್ಕೆ ಕರೆತರುತ್ತಾರೆ, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಕೊನೆಗೆ. ದುಆ ಮಾಡೋಣ, ಆದರೆ ಆಸ್ಪತ್ರೆಯ ದಾರಿಯನ್ನು ತಡಮಾಡುವುದು ಬೇಡ.

ತಡಮಾಡಿದರೆ ಏನಾಗುತ್ತದೆಂದು ಏರ್ವಾಡಿ ತೋರಿಸಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಆ ಊರಲ್ಲಿ, ದರ್ಗಾ ಸಮೀಪದ ಖಾಸಗಿ ಮನೋರೋಗಿ ಆಶ್ರಯಕ್ಕೆ ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. ಮನೆಯವರೇ ನಂಬಿ ಬಿಟ್ಟುಹೋದವರು! 2017ರ ಮಾನಸಿಕ ಆರೋಗ್ಯ ಕಾಯ್ದೆ ಈಗ ಸರಪಳಿಯನ್ನು ಪೂರ್ಣ ನಿಷೇಧಿಸಿದೆ. ಆದರೆ ಸರಪಳಿ ಬಿಚ್ಚಿದ ಮೇಲೆ ರೋಗಿಯ ಬಳಿ ಕೂರುವವರು ಯಾರು?

ಆ ಕೆಲಸ ಮನೋರೋಗ ನರ್ಸ್‌ಗಳದ್ದು. ಔಷಧ ಬರೆಯುವುದು ವೈದ್ಯರು. ಅದು ಹೊಟ್ಟೆಗೆ ಹೋಯಿತೇ, ಕೈ ನಡುಗಿಸುತ್ತಿದೆಯೇ ಎಂದು ನೋಡುವುದು, ಉದ್ವೇಗಗೊಂಡವರನ್ನು ಮಾತಿನಿಂದಲೇ ಶಾಂತಗೊಳಿಸುವುದು, ಜೀವಕ್ಕೆ ಅಪಾಯ ಮಾಡಿಕೊಳ್ಳದಂತೆ ಕಾಯುವುದು, ಗುಣವಾಯಿತೆಂದು ಮಾತ್ರೆ ನಿಲ್ಲಿಸಬೇಡಿ ಎಂದು ಮನೆಯವರಿಗೆ ತಿಳಿಹೇಳುವುದು ಇವರು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು.

ಕಲಿಕೆ ಹೀಗಿದೆ. ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್‌ನಲ್ಲಿ ಶೇ. 55 ಅಂಕ, ರಾಜ್ಯ ನರ್ಸಿಂಗ್ ಮಂಡಳಿಯ ನೋಂದಣಿ, ಒಂದು ವರ್ಷದ ಕೆಲಸದ ಅನುಭವ ಇದ್ದವರು ಎರಡು ವರ್ಷದ ಎಂ.ಎಸ್‌ಸಿ.ಗೆ ಅರ್ಜಿ ಹಾಕಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರವೇಶ ಪರೀಕ್ಷೆ ಇದೆ. ಬೇರೆ ಕಾಲೇಜು ಸೇರುವುದಾದರೆ, ಮನೋರೋಗ ವಿಭಾಗಕ್ಕೇ ಮಾನ್ಯತೆ ಇದೆಯೇ ಎಂದು ಶುಲ್ಕ ಕಟ್ಟುವ ಮೊದಲು ಕೇಳಿರಿ. ಎರಡು ವರ್ಷ ಕಷ್ಟವೆನ್ನುವವರಿಗೆ ಒಂದು ವರ್ಷದ ಡಿಪ್ಲೊಮಾ ಇದೆ, ಜಿಎನ್‌ಎಂ ಮುಗಿಸಿ ಕೆಲಸ ಮಾಡಿದವರಿಗೂ ಅದು ತೆರೆದಿದೆ. ಎಂ.ಎಸ್‌ಸಿ. ಆದವರು ನರ್ಸಿಂಗ್ ಕಾಲೇಜಿನಲ್ಲಿ ಪಾಠವನ್ನೂ ಮಾಡಬಹುದು.

"ಹುಚ್ಚರ ಆಸ್ಪತ್ರೆಯ ಹುಡುಗಿಗೆ ವರ ಸಿಗುತ್ತಾನೆಯೇ?" ಎಂದು ಪಾಲಕರು ಕೇಳುತ್ತಾರೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ) ಅವರನ್ನು ಮಸೀದಿಯಲ್ಲೇ ಡೇರೆ ಹಾಕಿ ಆರೈಕೆ ಮಾಡಿದವರು ರುಫೈದಾ(ರ) ಎಂಬ ಮಹಿಳೆ. ಇನ್ನು ಈ ವೃತ್ತಿ ಹೆಣ್ಣುಮಕ್ಕಳಿಗಷ್ಟೇ ಎಂದೂ ತಿಳಿಯಬೇಡಿ. ಪುರುಷರ ವಾರ್ಡಿಗೆ ನಮ್ಮ ಗಂಡುಮಕ್ಕಳೂ ಬೇಕು.

ಮನೆಯಲ್ಲಿ ಈಗಲೇ ಯಾರಾದರೂ ನರಳುತ್ತಿದ್ದರೆ ಸರ್ಕಾರದ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆಮಾಡಿರಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.